ಓವೆರ್ನ್ಯ: ಫ್ರಾನ್ಸಿನ ಬೆಟ್ಟನಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓವೆರ್ನ್ಯ ಎಲ್ಲಿದೆ? ಈಗಿನ ನಕಾಶೆಯಲ್ಲಿ ಆ ಹೆಸರಿನ ಪ್ರಾಂತ್ಯ ಕಾಣುವುದಿಲ್ಲವಲ್ಲ?

ಫ್ರಾನ್ಸಿನ ನಡುಮಧ್ಯದಲ್ಲಿ, ಮಾಸಿಫ್ ಸೆಂತ್ರಾಲ್ ಎಂಬ ಎತ್ತರದ ನಾಡಿನಲ್ಲಿದೆ. ಮಹಾಕ್ರಾಂತಿಯ ಮರುವರ್ಷ, 1790ರಲ್ಲಿ, ಹಳೆಯ ಪ್ರಾಂತ್ಯಗಳನ್ನೆಲ್ಲ ಒಡೆದು ಜಿಲ್ಲೆಗಳನ್ನಾಗಿ ಮಾಡಿದಾಗ ಓವೆರ್ನ್ಯವೂ ಅಳಿಯಿತು. ಅದರ ಬಹುಭಾಗ ಪ್ಯುಯಿ ದ ದೋಮ್ ಮತ್ತು ಕಾಂತಾಲ್ ಎಂಬ ಎರಡು ಜಿಲ್ಲೆಗಳಾಯಿತು; ಬ್ರಿಯೂದ್ ಪಟ್ಟಣದ ಸುತ್ತಲಿನ ಸೀಮೆ ಓತ್-ಲ್ವಾರ್ ಜಿಲ್ಲೆಗೆ ಹೋಯಿತು. 20ನೇ ಶತಮಾನದಲ್ಲಿ ಅದೇ ಹೆಸರು ನಾಲ್ಕು ಜಿಲ್ಲೆಗಳ ಆಡಳಿತ ವಲಯವಾಗಿ ಮತ್ತೆ ಬಂತು. 2016ರ ಜನವರಿ 1ರಂದು ಆ ವಲಯವನ್ನು ಪಕ್ಕದ ರೋನ್-ಆಲ್ಪ್ ಜೊತೆ ಸೇರಿಸಿ, ರಾಜಧಾನಿಯನ್ನು ಲಿಯೋಂ ನಗರಕ್ಕೆ ಒಯ್ದರು.

ಇಲ್ಲಿ ಒಂದು ಗೊಂದಲ ಸಾಮಾನ್ಯ. ವಿಶಿ ಪಟ್ಟಣವನ್ನೂ ಲ ಪ್ಯುಯಿ ಪಟ್ಟಣವನ್ನೂ ಓವೆರ್ನ್ಯದವೆಂದೇ ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. ಆಡಳಿತ ವಲಯದ ಲೆಕ್ಕದಲ್ಲಿ ಅದು ಸರಿಯಿತ್ತು. ಹಳೆಯ ಪ್ರಾಂತ್ಯದ ಲೆಕ್ಕದಲ್ಲಾದರೆ ವಿಶಿ ಬುರ್ಬೊನೆ ಸೀಮೆಯದು, ಲ ಪ್ಯುಯಿ ವೆಲೆ ಸೀಮೆಯದು. ಹಳ್ಳಿಯ ಹಿರಿಯರ ಮುಂದೆ ಇವನ್ನು ಕಲಸಿದರೆ ತಿದ್ದಿಯೇ ತಿದ್ದುತ್ತಾರೆ.

ಮೇಲಿನ ಓವೆರ್ನ್ಯ, ಕೆಳಗಿನ ಓವೆರ್ನ್ಯ ಎಂದು ಬೇರೆ ಮಾಡುವುದು ಯಾಕೆ?

ಎರಡರ ಬದುಕೇ ಬೇರೆಯಾಗಿತ್ತು. ಕೆಳಗಿನದು ಕ್ಲೆರ್ಮೋಂ ಮತ್ತು ರಿಯೋಂ ಪಟ್ಟಣಗಳ ಸೀಮೆ. ಲಿಮಾನ್ಯ ಬಯಲಿನ ಕಪ್ಪು ಮಣ್ಣು, ಗೋಧಿ, ಒಂದು ಕಾಲಕ್ಕೆ ದ್ರಾಕ್ಷಿತೋಟ, ವ್ಯಾಪಾರ, ನ್ಯಾಯಾಲಯ ಎಲ್ಲ ಅಲ್ಲಿ. ಮೇಲಿನದು ಓರಿಯಾಕ್ ಮತ್ತು ಸಾಂ-ಫ್ಲೂರ್ ಸೀಮೆ, ಅಂದರೆ ಇಂದಿನ ಕಾಂತಾಲ್. ಅಲ್ಲಿ ಚಳಿಗಾಲ ಉದ್ದ, ಬೇಸಾಯದ ದಿನಗಳು ಕಡಿಮೆ. ಹುಲ್ಲು ಮಾತ್ರ ಧಾರಾಳ. ದನ, ಚೀಸ್, ಚಳಿಗಾಲದ ವಲಸೆ, ಕೈಕಸುಬು: ನಾವು ಓವೆರ್ನ್ಯದ ಸಂಸ್ಕೃತಿ ಎಂದು ಕರೆಯುವುದರಲ್ಲಿ ಹೆಚ್ಚಿನದು ಈ ಹುಲ್ಲು ಮತ್ತು ಈ ಚಳಿಯಿಂದ ಬಂದದ್ದು. ಯಾರಾದರೂ "ಓವೆರ್ನ್ಯದ ಪದ್ಧತಿ" ಎಂದು ಏನನ್ನಾದರೂ ಹೇಳಿದರೆ ಮೊದಲು ಯಾವ ಓವೆರ್ನ್ಯ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅಲ್ಲಿಯ ಜ್ವಾಲಾಮುಖಿಗಳು ಇನ್ನೂ ಜೀವಂತವೇ?

ಈಗ ಮಲಗಿವೆ. ಕ್ಲೆರ್ಮೋಂ ನಗರದ ಪಶ್ಚಿಮಕ್ಕೆ ಸುಮಾರು 80 ಜ್ವಾಲಾಮುಖಿ ಗುಡ್ಡಗಳ ಸಾಲೊಂದಿದೆ. 2018ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. ಈ ನಾಡಿನ ಕೊನೆಯ ಸ್ಫೋಟ ಸುಮಾರು 7,000 ವರ್ಷಗಳ ಹಿಂದಿನದು. ಪಾವೆಂ ಸರೋವರದ ದುಂಡನೆಯ ಹೊಂಡ ಆಗ ಆದದ್ದು. ಕಾಂತಾಲ್ ಬೆಟ್ಟಗಳು ಇವಕ್ಕಿಂತ ತುಂಬ ಹಳೆಯವು. ಲಕ್ಷಾಂತರ ವರ್ಷ ಹಿಮನದಿಗಳು ಸವೆಸಿದ ಒಂದೇ ದೈತ್ಯ ಜ್ವಾಲಾಮುಖಿಯ ಅವಶೇಷ ಅದು. ಪ್ಲೋಂ ದ್ಯು ಕಾಂತಾಲ್ 1,855 ಮೀಟರ್ ಎತ್ತರವಿದೆ.

ಇವು ಜ್ವಾಲಾಮುಖಿಗಳೆಂದು 1751ರವರೆಗೆ ಯಾರೂ ಗುರುತಿಸಿರಲಿಲ್ಲ. ಆ ವರ್ಷ ಜಾಂ-ಎತಿಯೆನ್ ಗೆತಾರ್ ಎಂಬ ನಿಸರ್ಗಶಾಸ್ತ್ರಜ್ಞ, ಊರಿನ ಮನೆಗಳನ್ನು ಕಟ್ಟಿದ ಕರಿಗಲ್ಲು ನೋಡಿ ಅದು ಎಲ್ಲಿಯದೆಂದು ಹುಡುಕುತ್ತ ವೊಲ್ವಿಕ್ ಗಣಿಗೆ ಹೋದ. ಅಲ್ಲಿಂದ ಗುಡ್ಡಗಳನ್ನು ನೋಡಿ ಇದು ಲಾವಾ ಎಂದು ತೀರ್ಮಾನಿಸಿದ. ಕ್ಲೆರ್ಮೋಂ ಕೆಥೆಡ್ರಲ್ (ಶುರುವಾದದ್ದು 1248ರಲ್ಲಿ) ಕಪ್ಪಗಿರುವುದು ಹೊಗೆಯಿಂದಲ್ಲ, ಈ ವೊಲ್ವಿಕ್ ಕಲ್ಲಿನಿಂದ.

1,465 ಮೀಟರ್ ಎತ್ತರದ ಪ್ಯುಯಿ ದ ದೋಮ್ ಭೌತವಿಜ್ಞಾನದ ಇತಿಹಾಸದಲ್ಲೂ ಬರುತ್ತದೆ. 1648ರ ಸೆಪ್ಟೆಂಬರ್ 19ರಂದು, ಕ್ಲೆರ್ಮೋಂನಲ್ಲೇ ಹುಟ್ಟಿದ ಬ್ಲೇಸ್ ಪಾಸ್ಕಲ್‌ನ ಮಾತಿನಂತೆ ಅವನ ಅಕ್ಕನ ಗಂಡ ಫ್ಲೋರೆಂ ಪೆರಿಯೆ ಪಾದರಸದ ಕೊಳವೆ ಹೊತ್ತು ಬೆಟ್ಟ ಹತ್ತಿದ. ಊರಿನಲ್ಲಿ ಇದ್ದುದಕ್ಕಿಂತ ಪಾದರಸದ ಮಟ್ಟ ತುದಿಯಲ್ಲಿ ಸುಮಾರು 8.5 ಸೆಂಟಿಮೀಟರ್ ಇಳಿದಿತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಇದೇ ಪುರಾವೆಯಾಯಿತು. ಕೆಳಗೆ ಒಂದು ಕೊಳವೆಯನ್ನು ಇಡೀ ದಿನ ಕಾಯಲು ಒಬ್ಬರನ್ನು ಕೂರಿಸಿದ್ದರು. ಹವೆ ಬದಲಾಗಿ ಮಟ್ಟ ಇಳಿಯಿತು ಎಂದು ಯಾರೂ ಹೇಳಬಾರದಲ್ಲ.

ವರ್ಸಿಂಗೆಟೋರಿಕ್ಸ್ ಇಲ್ಲಿಯವನೇ?

ಹೌದು, ಗಾಲ್ ಎಂಬ ಪ್ರಾಚೀನ ಫ್ರಾನ್ಸಿನ ಆರ್ವೆರ್ನಿ ಬುಡಕಟ್ಟಿನ ನಾಯಕ. ನಾಡಿನ ಹೆಸರು ಬಂದದ್ದೂ ಆ ಬುಡಕಟ್ಟಿನಿಂದ. ಕ್ರಿ.ಪೂ. 52ರಲ್ಲಿ ಗೆರ್ಗೋವಿಯಾ ದಿಣ್ಣೆಯ ಮೇಲೆ ಅವನು ಜೂಲಿಯಸ್ ಸೀಸರನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಅದೇ ವರ್ಷ ಅಲೇಸಿಯಾದಲ್ಲಿ ಸೋತು ಶರಣಾದ, ಕ್ರಿ.ಪೂ. 46ರಲ್ಲಿ ರೋಮಿನ ವಿಜಯೋತ್ಸವದಲ್ಲಿ ಮೆರೆಸಿ ಅವನನ್ನು ಕೊಂದರು. ಅಲೇಸಿಯಾ ಇರುವುದು ಬುರ್ಗೋನ್ಯದಲ್ಲಿ, ಓವೆರ್ನ್ಯದಲ್ಲಲ್ಲ. ಅವನ ಕೀರ್ತಿ ಬಹುಪಾಲು 19ನೇ ಶತಮಾನದ ರಾಷ್ಟ್ರೀಯತೆ ಎತ್ತಿಕಟ್ಟಿದ್ದು. ದಿಣ್ಣೆಯ ಕೆಳಗಿನ ಮೆರ್ದೋನ್ಯ ಎಂಬ ಹಳ್ಳಿಗೆ ಗೆರ್ಗೋವಿ ಎಂಬ ಹೆಸರು ಕೊಟ್ಟದ್ದು 1865ರಲ್ಲಿ, ಮೂರನೇ ನೆಪೋಲಿಯನ್ನನ ಕಾಲದಲ್ಲಿ. ಕ್ಲೆರ್ಮೋಂ ಚೌಕದಲ್ಲಿರುವ ಕುದುರೆಯ ಮೇಲಿನ ಪ್ರತಿಮೆ 1903ರದು. ಅದರ ಶಿಲ್ಪಿ ಬಾರ್ತೋಲ್ದಿ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯನ್ನು ಮಾಡಿದವನೇ.

ಮಧ್ಯಯುಗದಲ್ಲಿ ತಿಳಿದಿರಬೇಕಾದದ್ದು ಏನು?

1095ರ ನವೆಂಬರಿನಲ್ಲಿ ಪೋಪ್ ಎರಡನೇ ಉರ್ಬನ್ ಮೊದಲ ಧರ್ಮಯುದ್ಧಕ್ಕೆ ಕರೆ ಕೊಟ್ಟದ್ದು ಕ್ಲೆರ್ಮೋಂ ಸಭೆಯಲ್ಲಿ. ಅದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ.

ನಮಗೆ ಅದಕ್ಕಿಂತ ಹತ್ತಿರದ ಹೆಸರು ಓರಿಯಾಕ್‌ನ ಜೆರ್ಬೆರ್. 945ರ ಆಸುಪಾಸಿನಲ್ಲಿ ಹುಟ್ಟಿ, ಓರಿಯಾಕ್‌ನ ಮಠದಲ್ಲಿ ಓದಿ, ಕಟಲೋನಿಯಾಕ್ಕೆ ಹೋಗಿ ಗಣಿತ ಕಲಿತ. ಭಾರತದಲ್ಲಿ ಹುಟ್ಟಿ ಅರಬರ ಮೂಲಕ ಸ್ಪೇನ್ ತಲುಪಿದ್ದ 1ರಿಂದ 9ರವರೆಗಿನ ಅಂಕಿಗಳನ್ನು ಬಿಲ್ಲೆಗಳ ಮೇಲೆ ಬರೆದು, ಎಣಿಕೆಯ ಮಣೆಯಲ್ಲಿ ಬಳಸುವುದನ್ನು ಕ್ರೈಸ್ತ ಯುರೋಪಿನಲ್ಲಿ ಕಲಿಸಿದ ಮೊದಲಿಗರಲ್ಲಿ ಅವನೊಬ್ಬ. ಸೊನ್ನೆಯನ್ನು ಅವನು ಒಯ್ಯಲಿಲ್ಲ. ಮಣೆಯಲ್ಲಿ ಖಾಲಿ ಅಂಕಣವೇ ಸೊನ್ನೆಯ ಕೆಲಸ ಮಾಡುತ್ತಿದ್ದುದರಿಂದ ಅದು ಬೇಕಾಗಲಿಲ್ಲ. 999ರಲ್ಲಿ ಅವನೇ ಎರಡನೇ ಸಿಲ್ವೆಸ್ಟರ್ ಎಂಬ ಹೆಸರಿನಲ್ಲಿ ಪೋಪ್ ಆದ. ಪೋಪ್ ಪದವಿಗೇರಿದ ಮೊದಲ ಫ್ರೆಂಚ್ ಮನುಷ್ಯ ಅವನು.

ಕಟ್ಟಡಗಳಲ್ಲಿ ನೋಡಲೇಬೇಕಾದವು 12ನೇ ಶತಮಾನದ ಐದು ರೋಮನೆಸ್ಕ್ (ದಪ್ಪ ಗೋಡೆ, ಅರ್ಧವೃತ್ತ ಕಮಾನುಗಳ ಶೈಲಿಯ) ಚರ್ಚುಗಳು: ಕ್ಲೆರ್ಮೋಂನ ನೋತ್ರ್ ದಾಮ್ ದ್ಯು ಪೋರ್, ಇಸ್ವಾರ್, ಓರ್ಸಿವಾಲ್, ಸಾಂ-ನೆಕ್ತೆರ್, ಸಾಂ-ಸಾತ್ಯುರ್ನೆಂ. ಹಿಂಬದಿಗೆ ನಿಂತು ನೋಡಿ. ಸಣ್ಣ ಗುಡಿಗಳ ಅರ್ಧವೃತ್ತ, ಅದರ ಮೇಲೆ ಗರ್ಭಭಾಗದ ಗೋಡೆ, ಅದರ ಮೇಲೆ ಆಯತಾಕಾರದ ಕಟ್ಟಡಭಾಗ, ಕೊನೆಗೆ ಗೋಪುರ, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಏರುವ ರಚನೆ ಈ ನಾಡಿನ ಕುರುಹು. ಇಸ್ವಾರ್ ಚರ್ಚಿನ ಒಳಗೆ ಕಣ್ಣು ಕೋರೈಸುವ ಬಣ್ಣ 19ನೇ ಶತಮಾನದಲ್ಲಿ ಬಳಿದದ್ದು. ಒಂದೇ ಒಂದನ್ನು ನೋಡಲು ಸಮಯವಿದ್ದರೆ ಓರ್ಸಿವಾಲ್‌ಗೆ ಹೋಗಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೇರಿಯ ಮರದ ವಿಗ್ರಹ ಅಲ್ಲಿ ಇಂದಿಗೂ ಪೂಜೆಯಲ್ಲಿದೆ, ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಮೆರವಣಿಗೆ ಹೊರಡುತ್ತದೆ.

ಇಲ್ಲಿಯ ಜಮೀನ್ದಾರರ ಮೇಲೆ ರಾಜನೇ ವಿಶೇಷ ನ್ಯಾಯಾಲಯ ಕೂರಿಸಿದ್ದು ನಿಜವೇ?

ನಿಜ. 1665ರ ಸೆಪ್ಟೆಂಬರಿನಿಂದ 1666ರ ಜನವರಿಯವರೆಗೆ ಹದಿನಾಲ್ಕನೇ ಲೂಯಿ ಪ್ಯಾರಿಸ್‌ನಿಂದ ನ್ಯಾಯಾಧೀಶರನ್ನು ಕ್ಲೆರ್ಮೋಂಗೆ ಕಳಿಸಿದ. ದೂರದ ಬೆಟ್ಟಗಳಲ್ಲಿ ಪಾಳೆಯಗಾರರು ರೈತರಿಂದ ಮನಬಂದಂತೆ ಕಂದಾಯ ಕಿತ್ತು, ಕೊಲೆ ಮಾಡಿಯೂ ದಕ್ಕಿಸಿಕೊಳ್ಳುತ್ತಿದ್ದರು. ವೈಕೌಂಟ್ ದ ಲ ಮೋತ್-ಕಾನಿಯಾಕ್‌ನ ತಲೆ ಕಡಿದಾಗ ಉಳಿದವರು ಓಡಿಹೋದರು. ಓಡಿದವರ ಚಿತ್ರಗಳಿಗೇ ಶಿಕ್ಷೆ ವಿಧಿಸಿದರು.

ಬ್ಯುರೋನ್ ಎಂದರೇನು? ಅಲ್ಲಿ ಜನ ವಾಸ ಮಾಡುತ್ತಿದ್ದರೇ?

ಬೇಸಿಗೆಯಲ್ಲಿ ಮಾತ್ರ. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ, ಇಳಿಜಾರಿಗೆ ಬೆನ್ನು ಕೊಟ್ಟು ಕಟ್ಟಿದ ದಪ್ಪ ಕಲ್ಲುಗೋಡೆಯ, ಚಪ್ಪಡಿ ಹೊದಿಸಿದ ಕಟ್ಟಡ ಅದು. ಮುಂದಿನ ಕೋಣೆಯಲ್ಲಿ ಒಲೆ ಮತ್ತು ಚೀಸ್ ಮಾಡುವ ಸಾಮಾನು. ಹಿಂದೆ, ಅರ್ಧ ನೆಲದೊಳಗೆ ಹೂತಂತೆ, ತಂಪು ನೆಲಮಾಳಿಗೆ. ಮೇಲೆ ಅಟ್ಟದಲ್ಲಿ ಮಲಗುವ ಜಾಗ. ಪದ್ಧತಿಯ ಪ್ರಕಾರ ಮೇ 25ರ ಸಂತ ಉರ್ಬನ್ ದಿನಕ್ಕೆ ದನ ಮೇಲೆ ಹೋಗಿ, ಅಕ್ಟೋಬರ್ 13ರ ಸಂತ ಜೆರೋ ದಿನಕ್ಕೆ ಇಳಿಯುತ್ತಿತ್ತು.

ಇದ್ದವರು ಗಂಡಸರು ಮಾತ್ರ, ಸಾಮಾನ್ಯವಾಗಿ ಮೂರು ನಾಲ್ಕು ಜನ. ಹಿರಿಯ ಗೋವಳ ಚೀಸ್ ಮಾಡುವವನು, ಯಜಮಾನನಿಗೆ ಲೆಕ್ಕ ಒಪ್ಪಿಸುವವನೂ ಅವನೇ. ಎರಡನೆಯವನು ಅವನ ಸಹಾಯಕ. ಮೂರನೆಯವನು ಕರುಗಳನ್ನು ನೋಡಿಕೊಳ್ಳುವವನು; ಕೊನೆಯವನು ದನ ಕಾಯುವ ಹುಡುಗ, ಎಲ್ಲರ ಬೈಗುಳವೂ ಅವನ ಪಾಲಿಗೆ. ಹಾಲು ಒಡೆದ ನೀರನ್ನು ಹಂದಿಗಳಿಗೆ ಹಾಕುತ್ತಿದ್ದರು, ಹಾಗಾಗಿ ಪ್ರತಿ ಬ್ಯುರೋನ್ ಪಕ್ಕ ಹಂದಿಗೂಡಿನ ಕಲ್ಲುಗಳು ಈಗಲೂ ಕಾಣುತ್ತವೆ. 20ನೇ ಶತಮಾನದ ಎರಡನೇ ಅರ್ಧದಲ್ಲಿ ರಸ್ತೆ ಬಂತು, ಹಾಲಿನ ಲಾರಿ ಬಂತು, ಆಳುಗಳು ಸಿಗದಾದರು. ಹೆಚ್ಚಿನವು ಕುಸಿದಿವೆ, ಕೆಲವು ಊಟದ ಮನೆಗಳಾಗಿವೆ.

ಕಾಂತಾಲ್ ಚೀಸ್ ಅಷ್ಟು ದೊಡ್ಡದೇಕೆ? ಹೇಗೆ ಮಾಡುತ್ತಾರೆ?

ಒಂದು ದೊಡ್ಡ ಕಾಂತಾಲ್ 35ರಿಂದ 45 ಕಿಲೋ ತೂಗುತ್ತದೆ. ಒಂದಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ಸಂತೆ ದೂರ, ಇಳಿಯುವುದು ಶರತ್ಕಾಲಕ್ಕೆ. ಸಣ್ಣ ಚೀಸ್ ಬೇಗ ಒಣಗುತ್ತದೆ, ದೊಡ್ಡದು ತಿಂಗಳುಗಟ್ಟಲೆ ತಾಳುತ್ತದೆ. ಆದರೆ ದೊಡ್ಡ ಗಡ್ಡೆಯ ನಡುವೆ ನೀರು ಉಳಿದರೆ ಒಳಗೇ ಕೊಳೆಯುತ್ತದೆ. ಆದ್ದರಿಂದಲೇ ಇದನ್ನು ಎರಡು ಸಲ ಒತ್ತುವುದು.

ಕರೆದ ಹಾಲಿಗೆ, ಅದರ ಬಿಸಿ ಆರುವ ಮುಂಚೆ, 32–33 ಡಿಗ್ರಿಯಲ್ಲಿ ರೆನೆಟ್ ಎಂಬ, ಹಾಲನ್ನು ಗಟ್ಟಿ ಮಾಡುವ ದ್ರವ್ಯ ಹಾಕುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಹಾಲು ಗಟ್ಟಿಯಾಗುತ್ತದೆ. ಅದನ್ನು ಕಾಳಿನಷ್ಟು ಸಣ್ಣಗೆ ಕತ್ತರಿಸಿ, ನೀರು ಬಸಿದು, ಮೊದಲ ಒತ್ತುಮಣೆಗೆ ಹಾಕುತ್ತಾರೆ. ಒತ್ತಿ, ಕತ್ತರಿಸಿ, ತಿರುವಿ, ಮತ್ತೆ ಒತ್ತುವುದು ಹಲವು ಸುತ್ತು ನಡೆಯುತ್ತದೆ. ಹೀಗೆ ಸಿಗುವ ಮೆತ್ತನೆಯ, ಉಪ್ಪಿಲ್ಲದ ಗಡ್ಡೆಗೆ ತೋಮ್ ಎಂದು ಹೆಸರು. ಅದನ್ನು ರಾತ್ರಿಯಿಡೀ ಹುಳಿಯಾಗಲು ಬಿಟ್ಟು, ಮರುದಿನ ಯಂತ್ರದಲ್ಲಿ ಪುಡಿಮಾಡಿ, ಉಪ್ಪು ಕಲಸಿ, ಬಟ್ಟೆ ಹಾಸಿದ ಅಚ್ಚಿಗೆ ತುಂಬಿ, ಮತ್ತೆ ಒಂದೆರಡು ದಿನ ತಿರುವುತ್ತ ಒತ್ತುತ್ತಾರೆ. ಆಮೇಲೆ ನೆಲಮಾಳಿಗೆ. ಅಲ್ಲಿ ಹೊತ್ತುಹೊತ್ತಿಗೆ ಮಗುಚಿ, ಸಿಪ್ಪೆ ಉಜ್ಜಬೇಕು.

ಕೆಡುವುದು ಹೆಚ್ಚಾಗಿ ಎರಡು ಕಡೆ. ತೋಮ್ ಸಾಕಷ್ಟು ಹುಳಿಯಾಗದಿದ್ದರೆ ಬೇಡದ ಬ್ಯಾಕ್ಟೀರಿಯಾ ಬೆಳೆದು ಚೀಸ್ ಉಬ್ಬುತ್ತದೆ, ರುಚಿ ಕಹಿಯಾಗುತ್ತದೆ. ಪುಡಿ ಸರಿಯಾಗಿ ಬೆಸೆಯದೆ ಸಂದು ಉಳಿದರೆ ಅದರಲ್ಲಿ ಗಾಳಿ ಹೊಕ್ಕು ನೀಲಿ ಬೂಷ್ಟು ಹಿಡಿಯುತ್ತದೆ. ಹಳೆಯ ಚೀಸಿನ ಸಿಪ್ಪೆಯ ಮೇಲೆ ಕಾಣುವ ಕಂದು ಹುಡಿ ಮಾತ್ರ ದೋಷವಲ್ಲ, ಅದು ಸಿಪ್ಪೆ ಕೊರೆಯುವ ಸಣ್ಣ ನುಸಿಯ ಕೆಲಸ.

ಸಾಲೆರ್ಸ್ ಮತ್ತು ಕಾಂತಾಲ್ ಒಂದೇ ಅಲ್ಲವೇ?

ಮಾಡುವ ಬಗೆ ಹೆಚ್ಚುಕಡಿಮೆ ಒಂದೇ, ಕಟ್ಟಳೆ ಬೇರೆ. ಸಾಲೆರ್ಸ್ ಅನ್ನು ಹಸು ಸಾಕುವ ಮನೆಯಲ್ಲೇ, ಏಪ್ರಿಲ್ 15ರಿಂದ ನವೆಂಬರ್ 15ರೊಳಗೆ, ದನ ಹಸಿ ಹುಲ್ಲು ಮೇಯುವಾಗ ಮಾತ್ರ, ಕಾಯಿಸದ ಹಾಲಿನಿಂದ ಮಾಡಬೇಕು. ಹಾಲು ಹಿಡಿಯುವುದು ಜೆರ್ಲ್ ಎಂಬ ಮರದ ದೊಡ್ಡ ಕೊಳಗದಲ್ಲಿ. ಆ ಮರದ ಒಳಮೈಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಪದರವೇ ಹಾಲಿಗೆ ಹೆಪ್ಪಿನ ಕೆಲಸ ಮಾಡುತ್ತದೆ. ರಾಸಾಯನಿಕ ಹಾಕಿ ಜೆರ್ಲ್ ತೊಳೆದರೆ ಆ ಪದರ ಹೋಗುತ್ತದೆ, ಚೀಸ್ ಕೆಡುತ್ತದೆ.

ಸಾಲೆರ್ಸ್ ತಳಿಯ ಹಸುವಿನ ಹಾಲಿನಿಂದಲೇ ಮಾಡಿದ್ದಕ್ಕೆ ಬೇರೆ ಗುರುತಿದೆ. ಕಡುಗೆಂಪು ಮೈಯ, ಉದ್ದ ಬಾಗು ಕೊಂಬಿನ ಈ ಹಸು ಕರು ಪಕ್ಕದಲ್ಲಿಲ್ಲದೆ ಹಾಲು ಇಳಿಸುವುದಿಲ್ಲ. ಮೊದಲು ಕರು ಬಿಟ್ಟು, ನಂತರ ಅದನ್ನು ತಾಯಿಯ ಮುಂಗಾಲಿಗೆ ಕಟ್ಟಿ ಕರೆಯುತ್ತಾರೆ. ನಮ್ಮ ನಾಟಿ ಹಸು ಕರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಯಾವುದನ್ನು ಕೊಳ್ಳುವುದು?

ಕಾಂತಾಲ್‌ನಲ್ಲಿ ಮೂರು ವಯಸ್ಸು: ಎಳೆಯದು 30–60 ದಿನ, ನಡುವಿನದು 90–210 ದಿನ, ಹಳೆಯದು 240 ದಿನಕ್ಕಿಂತ ಹೆಚ್ಚು. ಮೊದಲ ಸಲ ತಿನ್ನುವವರಿಗೆ ನಡುವಿನದು ಸರಿ. ಹಳೆಯದು ನಾಲಿಗೆ ಚುರುಗುಟ್ಟಿಸುತ್ತದೆ. ಸಾಲೆರ್ಸ್ ಆದರೆ ಸಿಪ್ಪೆಯ ಮೇಲೆ ಕೆಂಪು ಲೋಹದ ಬಿಲ್ಲೆ ಇರಬೇಕು. ಸಾಂ-ನೆಕ್ತೆರ್ ಚೀಸಿನ ಮೇಲಿನ ಹಸಿರು ಗುರುತು ಮೊಟ್ಟೆಯಾಕಾರದಲ್ಲಿದ್ದರೆ ರೈತನ ಮನೆಯದು, ಚೌಕವಾಗಿದ್ದರೆ ಡೈರಿಯದು. ಎರಡರ ರುಚಿಗೂ ಬಹಳ ಅಂತರ, ಬೆಲೆಯ ಅಂತರ ಅಷ್ಟಿಲ್ಲ. ರೈತನದನ್ನೇ ಕೊಳ್ಳಿ.

ಸಸ್ಯಾಹಾರಿಗಳಿಗೆ ಇಲ್ಲಿ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಮೇಲೆ ಹೇಳಿದ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಕಟ್ಟುನಿಟ್ಟಿನವರಿಗೆ ಅವು ಆಗುವುದಿಲ್ಲ. ಪೊತೇ ಎಂಬ ಎಲೆಕೋಸಿನ ಸಾರಿನಲ್ಲಿ ಹಂದಿಮಾಂಸ, ಪೂಂತಿ ಎಂಬ ಸೊಪ್ಪಿನ ಖಾದ್ಯದಲ್ಲೂ ಹಂದಿಮಾಂಸ. ತ್ರುಫಾದ್ ಎಂಬ ಆಲೂಗಡ್ಡೆ ಖಾದ್ಯದಲ್ಲಿ ಮಾಂಸ ಕಾಣದಿದ್ದರೂ ಹುರಿದದ್ದು ಹಂದಿಕೊಬ್ಬಿನಲ್ಲಿ. ಲ ಪ್ಯುಯಿಯ ಹಸಿರು ಮಸೂರ ನಮ್ಮ ಚನ್ನಂಗಿಯ ಜಾತಿಯದೇ, ಸಿಪ್ಪೆ ತೆಳು. ನೆನೆಸುವ ಅಗತ್ಯವಿಲ್ಲ: ಒಂದು ಪಾಲಿಗೆ ಮೂರು ಪಾಲು ತಣ್ಣೀರು ಹಾಕಿ, ಕುದಿ ಬಂದ ಮೇಲೆ 20–25 ನಿಮಿಷ ಸಣ್ಣ ಉರಿ, ಉಪ್ಪು ಕೊನೆಗೆ. ಕುಕ್ಕರಿನಲ್ಲಿ ಕೂಗಿಸಿದರೆ ಕರಗಿಹೋಗುತ್ತದೆ. ಇಡಿಯಾಗಿ ಉಳಿಯುವುದೇ ಅದರ ಹೆಚ್ಚುಗಾರಿಕೆ. ಹೋಟೆಲಿನಲ್ಲಿ ಅದನ್ನೂ ಮಾಂಸದ ಜೊತೆ ಬೇಯಿಸುವುದುಂಟು, ಕೇಳಿಕೊಳ್ಳಿ.

ಅಲಿಗೋ ಮನೆಯಲ್ಲಿ ಮಾಡಿದರೆ ಎಳೆ ಎಳೆಯಾಗಿ ಬರುವುದಿಲ್ಲ, ಯಾಕೆ?

ಅಲಿಗೋ ಎಂದರೆ ಆಲೂಗಡ್ಡೆ ಹಿಸುಕಿ ತೋಮ್ ಬೆರೆಸಿ ಎಳೆದೆಳೆದು ಕಲಸಿದ್ದು. ಕಾಂತಾಲ್‌ನ ದಕ್ಷಿಣದಂಚಿನ ಓಬ್ರಾಕ್ ಬೆಟ್ಟ ಅದರ ತವರು. ನಾಲ್ಕು ಜನಕ್ಕೆ 1 ಕಿಲೋ ಹಿಟ್ಟುಹಿಟ್ಟಾಗಿ ಬೇಯುವ ಆಲೂಗಡ್ಡೆ, 400 ಗ್ರಾಂ ತೋಮ್, 100 ಗ್ರಾಂ ಬೆಣ್ಣೆ, 200 ಗ್ರಾಂ ಕೆನೆ, ಒಂದು ಎಸಳು ಬೆಳ್ಳುಳ್ಳಿ. ಆಲೂಗಡ್ಡೆ ಬಿಸಿಯಿರುವಾಗಲೇ ಹಿಸುಕಿ, ಬೆಣ್ಣೆ ಮತ್ತು ಕೆನೆ ಸೇರಿಸಿ, ಸಣ್ಣ ಉರಿಯಲ್ಲಿ ತೋಮ್ ಚೂರುಗಳನ್ನು ಹಾಕಿ. ಮರದ ಸೌಟಿನಿಂದ ಒಂದೇ ದಿಕ್ಕಿಗೆ ತಿರುವಿ ಮೇಲಕ್ಕೆತ್ತುತ್ತಿರಿ.

ಎಳೆ ಬರದಿರಲು ಮುಖ್ಯ ಕಾರಣ ಮಾಗಿದ ಚೀಸ್ ಹಾಕುವುದು. ಎಳೆ ಬರುವುದು ಒಂದೆರಡು ದಿನ ಹುಳಿಯಾದ, ಉಪ್ಪಿಲ್ಲದ ಹಸಿ ತೋಮ್‌ನಿಂದ. ಮಾಗುತ್ತ ಹೋದಂತೆ ಚೀಸಿನ ಪ್ರೋಟೀನ್ ಒಡೆಯುವುದರಿಂದ ಅದು ಕರಗಿ ಎಣ್ಣೆ ಬಿಡುತ್ತದೆ. ಎರಡನೆಯ ಕಾರಣ ಉರಿ: ಕುದಿಸಿದರೂ ಎಣ್ಣೆ ಬೇರೆಯಾಗುತ್ತದೆ. ಎಳೆ ಬಂದ ಕೂಡಲೇ ಇಳಿಸಿ ಬಡಿಸಿ. ಮಿಕ್ಸಿಗೆ ಹಾಕಿದರೆ ಆಲೂಗಡ್ಡೆ ಅಂಟಾಗುತ್ತದೆ.

ತ್ರುಫಾದ್‌ಗೂ ಇದೇ ತೋಮ್, ಇದೇ ಪ್ರಮಾಣ. ಅದಕ್ಕೆ ಮಾತ್ರ ಗಟ್ಟಿಯಾಗಿ ಉಳಿಯುವ ಆಲೂಗಡ್ಡೆಯನ್ನು ತೆಳುವಾಗಿ ಹೆಚ್ಚಿ ಬಾಣಲೆಯಲ್ಲಿ ಬೇಯಿಸಿ, ಕೊನೆಗೆ ತೋಮ್ ಸೇರಿಸುವುದು.

ಪ್ಯಾರಿಸ್‌ನ ಕಾಫಿ ಅಂಗಡಿಗಳೆಲ್ಲ ಓವೆರ್ನ್ಯದವರವು ಎನ್ನುತ್ತಾರೆ. ಎಷ್ಟು ನಿಜ?

"ಎಲ್ಲ" ಎನ್ನುವುದು ಉತ್ಪ್ರೇಕ್ಷೆ, ಆದರೆ ಮಾತಿಗೆ ಬುಡವಿದೆ. ಬೆಟ್ಟದಲ್ಲಿ ಚಳಿಗಾಲಕ್ಕೆ ಕೆಲಸವಿಲ್ಲ, ತಿನ್ನುವ ಬಾಯಿ ಕಡಿಮೆಯಾದಷ್ಟೂ ಮನೆಗೆ ಲಾಭ. ಓರಿಯಾಕ್ ಕಡೆಯವರು ಮೊದಲು ಸ್ಪೇನಿಗೆ ಹೋಗುತ್ತಿದ್ದರು. 19ನೇ ಶತಮಾನದಲ್ಲಿ ದಾರಿ ಪ್ಯಾರಿಸ್ ಕಡೆ ತಿರುಗಿತು. ಮನೆಮನೆಗೆ ನೀರು ಹೊರುವುದು ಮೊದಲ ಕೆಲಸ. ನಲ್ಲಿ ಬಂದು ಆ ಕೆಲಸ ಹೋದಾಗ ಸೌದೆ, ಕಲ್ಲಿದ್ದಲು ಮಾರಿದರು. ಗಂಡ ಇದ್ದಿಲು ಹೊತ್ತು ಮಹಡಿ ಹತ್ತುವಾಗ ಹೆಂಡತಿ ಅಂಗಡಿಯ ಮೂಲೆಯಲ್ಲಿ ವೈನ್ ಸುರಿಯುತ್ತಿದ್ದಳು. ಆ ಮೂಲೆ ಬೆಳೆದು ಕೆಫೆಯಾಯಿತು. ಇಂಥ ಅಂಗಡಿಯವರನ್ನು ಪ್ಯಾರಿಸ್ ಜನ ಬುನ್ಯಾ ಎನ್ನುತ್ತಿದ್ದರು. ಲೂಯಿ ಬೊನೆ ಎಂಬವನು 1882ರಲ್ಲಿ ಪ್ಯಾರಿಸ್‌ನ ಓವೆರ್ನ್ಯದವರಿಗೆಂದೇ ಒಂದು ಪತ್ರಿಕೆ ತೆಗೆದ, ಆಮೇಲೆ ಅವರು ಅಗ್ಗದ ದರದಲ್ಲಿ ಊರಿಗೆ ಹೋಗಿಬರಲು ವಿಶೇಷ ರೈಲುಗಳನ್ನೂ ಓಡಿಸಿದ. ಊರವರನ್ನೇ ಕೆಲಸಕ್ಕೆ ತೆಗೆದುಕೊಳ್ಳುವುದು, ಸಾಲ ಕೊಟ್ಟು ಅಂಗಡಿ ಇಡಿಸುವುದು ಇವರ ಬಲ. ಉಡುಪಿ ಕಡೆಯವರು ಮುಂಬಯಿಯಲ್ಲಿ ಹೋಟೆಲು ಕಟ್ಟಿದ ಬಗೆಯೂ ಹೆಚ್ಚುಕಡಿಮೆ ಇದೇ.

ಬುರೇ ಕುಣಿತವನ್ನು ಹೇಗೆ ಕಲಿಯುವುದು?

ಓವೆರ್ನ್ಯದ ಬುರೇ ಮೂರು ಎಣಿಕೆಯದು. ಉತ್ತರದ ಬೆರಿ, ಬುರ್ಬೊನೆ ಸೀಮೆಗಳದು ಎರಡೆಣಿಕೆ. ಎಡ–ಬಲ–ಎಡ, ಬಲ–ಎಡ–ಬಲ, ಇಷ್ಟೇ ಹೆಜ್ಜೆ. ಎದುರುಬದುರು ನಿಂತು ಮುಂದೆ ಬಂದು, ಹಿಂದೆ ಸರಿದು, ಹೆಗಲು ಪಕ್ಕ ಹಾದು ಜಾಗ ಬದಲಿಸಬೇಕು. ಕೈ ಹಿಡಿಯುವುದಿಲ್ಲ, ಕಣ್ಣು ಬಿಡುವುದಿಲ್ಲ. ಹೊಸಬರು ಮಾಡುವ ತಪ್ಪು ವಾಲ್ಟ್ಸ್‌ನಂತೆ ತೇಲುವುದು, ಇಲ್ಲವೇ ಎತ್ತರಕ್ಕೆ ನೆಗೆಯುವುದು. ಮಂಡಿ ಸಡಿಲ ಬಿಟ್ಟು ಪಾದವನ್ನು ನೆಲಕ್ಕೆ ಹತ್ತಿರವೇ ಇಟ್ಟುಕೊಳ್ಳಿ.

ಜೊತೆಗೆ ನುಡಿಸುವುದು ಕಾಬ್ರೆಟ್, ಆಡಿನ ಚರ್ಮದ ಬ್ಯಾಗ್‌ಪೈಪ್. ಅದಕ್ಕೆ ಬಾಯಿಂದ ಊದುವುದಿಲ್ಲ, ಕಂಕುಳಲ್ಲಿ ಕಟ್ಟಿಕೊಂಡ ತಿದಿಯಿಂದ ಗಾಳಿ ತುಂಬುತ್ತಾರೆ. ಒಣ ಗಾಳಿಯಾದ್ದರಿಂದ ಪೀಪಿ ಒದ್ದೆಯಾಗಿ ಶ್ರುತಿ ಕೆಡುವುದಿಲ್ಲ, ನುಡಿಸುವವನು ಹಾಡಲೂಬಹುದು. ಪ್ಯಾರಿಸ್‌ನ ರ್ಯು ದ ಲಾಪ್ ಬೀದಿಯ ಓವೆರ್ನ್ಯ ಅಂಗಡಿಗಳಲ್ಲಿ ಕಾಬ್ರೆಟ್ ವಾದಕ ಆಂತ್ವಾನ್ ಬುಸ್ಕಾತೆಲ್ ಮತ್ತು ಇಟಲಿ ಮೂಲದ ಅಕಾರ್ಡಿಯನ್ ವಾದಕ ಶಾರ್ಲ್ ಪೆಗುರಿ ಜೊತೆಯಾಗಿ ನುಡಿಸಿದ್ದರಿಂದ ಪ್ಯಾರಿಸ್‌ನದೆಂದು ಜಗತ್ತು ಕೇಳುವ ಮ್ಯುಸೆತ್ ಸಂಗೀತ ಬೆಳೆಯಿತು. ಕೊನೆಗೆ ಅಕಾರ್ಡಿಯನ್ ಕಾಬ್ರೆಟನ್ನೇ ಮೂಲೆಗೆ ತಳ್ಳಿತು.

ಜನರ ಮಾತು ಫ್ರೆಂಚೇ?

ಈಗ ಫ್ರೆಂಚ್. ಹಳೆಯ ಮಾತು ಆಕ್ಸಿತಾನ್ ಭಾಷೆಯ ಓವೆರ್ನ್ಯ ಉಪಭಾಷೆ. 1539ರ ರಾಜಾಜ್ಞೆಯಿಂದ ಕಾಗದಪತ್ರಗಳು ಫ್ರೆಂಚಿಗೆ ತಿರುಗಿದವು. ಆದರೆ ಹಳ್ಳಿಯ ಬಾಯಿಂದ ಅದನ್ನು ಕಿತ್ತದ್ದು 1880ರ ದಶಕದ ಕಡ್ಡಾಯ ಶಾಲೆ. ಮನೆಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು.

ತಿಯೆರ್ ಚಾಕು, ಲಾಯೋಲ್ ಚಾಕು: ಯಾವುದು ಇಲ್ಲಿಯದು?

ತಿಯೆರ್ ಇಲ್ಲಿಯ ಪಟ್ಟಣ. ಲಾಯೋಲ್ ಪಕ್ಕದ ಅವೇರೋಂ ಜಿಲ್ಲೆಯ ಹಳ್ಳಿ, ಆದರೆ ಆ ಹೆಸರಿನ ಚಾಕುಗಳಲ್ಲಿ ಬಹಳಷ್ಟು ತಯಾರಾಗುವುದು ತಿಯೆರ್‌ನಲ್ಲೇ. ತಿಯೆರ್‌ನಲ್ಲಿ ಕಬ್ಬಿಣದ ಗಣಿ ಇಲ್ಲ. ಇದ್ದದ್ದು ಕಡಿದಾಗಿ ಧುಮುಕುವ ದ್ಯುರೋಲ್ ಹೊಳೆ. ಅದರ ನೀರಿನ ಚಕ್ರಗಳಿಂದ ಸಾಣೆಕಲ್ಲು ತಿರುಗಿಸಿ, ಹೊರಗಿನಿಂದ ತಂದ ಉಕ್ಕನ್ನು ಮಸೆಯುತ್ತಿದ್ದರು. ಮಸೆಯುವವರು ಸಾಣೆಕಲ್ಲಿನ ಮೇಲೆ ಹಲಗೆಯಲ್ಲಿ ಬೋರಲು ಮಲಗಿ ಕೆಲಸ ಮಾಡುತ್ತಿದ್ದರು. ಕೆಳಗೆ ನೀರು ಹರಿಯುವ ಆ ಥಂಡಿಯಲ್ಲಿ ಕಾಲು ಬೆಚ್ಚಗಿಡಲು ನಾಯಿಯನ್ನು ಕಾಲಿನ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಕೊಳ್ಳುವಾಗ ಹೆಸರಿಗಿಂತ ಕೆಲಸ ನೋಡಿ: ಮುಚ್ಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ತೆರೆದಾಗ ಅಡ್ಡಡ್ಡ ಅಲುಗಬಾರದು.

ಜೆಂಶಿಯನ್ ಬೇರನ್ನು ನಾವೇ ಕೀಳಬಹುದೇ?

ಬೇಡ. ಕಾಂತಾಲ್‌ನ ಕಹಿ ಮದ್ಯಗಳಿಗೆ ಹಾಕುವ ಈ ಹಳದಿ ಹೂವಿನ ಗಿಡ ಮೊದಲ ಹೂ ಬಿಡಲು ಹತ್ತು ವರ್ಷದಷ್ಟು ಹಿಡಿಯುತ್ತದೆ. ಜಮೀನಿನವರ ಒಪ್ಪಿಗೆ ಪಡೆದ ಕಸುಬಿನವರು ಎರಡು ಹಲ್ಲಿನ ಉದ್ದ ಕವೆಗೋಲು ಮೀಟಿ ಬೇರು ಎಬ್ಬಿಸುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ, ಅದೇ ಹುಲ್ಲುಗಾವಲಿನಲ್ಲಿ ಬೆಳೆಯುವ ವೆರಾತ್ರ್ ಎಂಬ ವಿಷದ ಗಿಡ. ಹೂ ಇಲ್ಲದಾಗ ಎರಡೂ ಒಂದೇ ತರಹ ಕಾಣುತ್ತವೆ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇದ್ದರೆ ಜೆಂಶಿಯನ್; ಒಂದಾದ ಮೇಲೊಂದು ಬದಿ ಬದಲಿಸಿ ಬಂದರೆ ವೆರಾತ್ರ್.

ಯಾವಾಗ, ಹೇಗೆ ಹೋಗುವುದು?

ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಕ್ಲೆರ್ಮೋಂಗೆ ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ. ಅತಿವೇಗದ ರೈಲು ಮಾರ್ಗ ಇಲ್ಲಿಗೆ ಬಂದಿಲ್ಲ, ಊರವರ ಹಳೆಯ ದೂರು ಅದು. ಹಳ್ಳಿಗಳಿಗೆ ಬಸ್ಸು ತೀರಾ ಕಡಿಮೆ, ಕಾರು ಬೇಕೇ ಬೇಕು. ಜೂನ್ ಒಳ್ಳೆಯ ತಿಂಗಳು: ದನ ಬೆಟ್ಟದ ಮೇಲಿರುತ್ತವೆ, ಹೂವಿರುತ್ತದೆ, ಜನಜಂಗುಳಿ ಇರುವುದಿಲ್ಲ. ಆಗಸ್ಟ್‌ನಲ್ಲಿ ಓರಿಯಾಕ್‌ನ ಬೀದಿನಾಟಕ ಉತ್ಸವದ ದಿನಗಳಲ್ಲಿ ಸುತ್ತಮುತ್ತ ಕೋಣೆ ಸಿಗುವುದು ಕಷ್ಟ. ಪ್ಯುಯಿ ಮಾರಿ ಬೆಟ್ಟದ ಪಕ್ಕದ ಪಾ ದ ಪೆರೋಲ್ ಕಣಿವೆಯ ರಸ್ತೆಯನ್ನು ಚಳಿಗಾಲವಿಡೀ ಹಿಮ ಮುಚ್ಚಿರುತ್ತದೆ. ಪ್ಯುಯಿ ದ ದೋಮ್ ತುದಿಗೆ ಹಲ್ಲುಹಳಿಯ ರೈಲಿನಲ್ಲಿ 15 ನಿಮಿಷ. ಸೆಸಾ ಕಣಿವೆಯಿಂದ ನಡೆದರೆ ಮುಕ್ಕಾಲು ಗಂಟೆ. ಕೆಳಗೆ ಬಿಸಿಲಿದ್ದಾಗಲೂ ಮೇಲೆ ಮಂಜು ಕವಿದಿರಬಹುದು, ಆದ್ದರಿಂದ ಟಿಕೆಟ್ ಕೊಳ್ಳುವ ಮುಂಚೆ ತಲೆಯೆತ್ತಿ ತುದಿಯನ್ನು ನೋಡಿ, ಬೇಸಿಗೆಯಾದರೂ ಒಂದು ಸ್ವೆಟರ್ ಇಟ್ಟುಕೊಳ್ಳಿ.